ಎಸ್, ಎ, ಐ, ಎಲ್

ಎಂಟನೇ ಕ್ಲಾಸಿನ ಇಂಗ್ಲಿಷು, ಊಟದ ಬೆಲ್ಲಿಗೆ ಮುಂಚೆ.
ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ಎಸ್, ಎ, ಐ, ಎಲ್.
ಓದಿ, ಏನು ಹಾಗಂದರೆ?
"ಸೇಲು ಮಿಸ್! ಹಾಸನದಲ್ಲಿ ಆಷಾಢಕ್ಕೆ ಬ್ಯಾನರು ಕಟ್ತಾರಲ್ಲ,
ಒಂದು ಚೂಡಿದಾರಕ್ಕೆ ಒಂದು ಫ್ರೀ."
ಇಡೀ ಕ್ಲಾಸು ಹೂಂಗುಟ್ಟಿತು.

ಅದಲ್ಲ, ಅದರ ಕೊನೆಗೆ ಇ ಇರುತ್ತೆ. ಇದು ನೀರಿನದು.
ಹಿಂದಿನ ಬೆಂಚಿನವನು ಕಿಟಕಿಯಾಚೆ ನೋಡಿದ.
ಗೊರೂರು ಡ್ಯಾಮಿನ ಹಿನ್ನೀರು
ಬಿಸಿಲಿಗೆ ಹಾಸಿದ ತಗಡಿನ ಹಾಗೆ ಸುಮ್ಮನೆ ಬಿದ್ದಿತ್ತು.

ಗೈಡಿನಲ್ಲಿ ಕೊಟ್ಟಿದ್ದಾರೆ: ಹಾಯಿ.
ಹಾಯಿ ಅಂದ್ರೆ ಮಿಸ್?
ಕಂಬಕ್ಕೆ ಕಟ್ಟಿದ ಬಟ್ಟೆ, ಗಾಳಿ ಕುಡಿದು ಹಡಗನ್ನು ಎಳೆಯುತ್ತೆ
ಎಂದೆ, ಕಂಡವಳ ಹಾಗೆ.
ಅರಸೀಕೆರೆ ಕಡೆಯವಳು ನಾನು; ನೀರು ಬರುತ್ತಿದ್ದದ್ದು ಟ್ಯಾಂಕರಿನಲ್ಲಿ.
ನಾನು ಕಂಡ ಜಲಯಾನವೆಂದರೆ
ಕೊಡದಿಂದ ಹಂಡೆಗೆ.

"ಹಾಯೋದು ಅಂದ್ರೆ ನಮ್ಮನೆ ಹೋರಿ" ಎಂದ ಒಬ್ಬ.
ಅದೂ ನಿಜವೇ. ಗದ್ದೆಗೆ ನೀರು ಹಾಯಿಸುತ್ತೇವೆ, ಹೊಳೆ ಹಾಯುತ್ತೇವೆ,
ಹಾದಿ ಎನ್ನುತ್ತೇವೆ, ಹಾಯಾಗಿರು ಎನ್ನುತ್ತೇವೆ.
ಎಲ್ಲ ಒಂದೇ ಮನೆತನವೋ ಬರೀ ಮುಖದ ಹೋಲಿಕೆಯೋ,
ನಿಘಂಟು ರೂಮಿನಲ್ಲೇ ಬಿಟ್ಟುಬಂದಿದ್ದೆ.

ಸಮಾನಾರ್ಥಕ ಐದು ಬರೆಸಬೇಕು, ಪರೀಕ್ಷೆಗೆ ಬರುತ್ತೆ.
ತೇಲು, ದಾಟು, ಯಾನ ಮಾಡು…
ಯಾನ ಎಂದದ್ದೇ ತಡ "ಚಂದ್ರಯಾನ!" ಎಂದು ಕೂಗಿತೊಂದು ಗಂಟಲು.
ಆ ಗದ್ದಲದಲ್ಲಿ ವಾರಿಜ ಎದ್ದು ನಿಂತಳು,
ಜೂನಿನಿಂದ ಇವತ್ತಿನವರೆಗೆ ಹಾಜರಿ ಬಿಟ್ಟು ಬೇರೆ ಮಾತಿಲ್ಲದವಳು.
"ನಮ್ಮಪ್ಪ ಹಂಗನ್ನಲ್ಲ ಮಿಸ್."
ಮತ್ತೇನಂತಾರೆ?
"ಹರಿಗೋಲು ಬಿಡೋದು ಅಂತಾರೆ. ನಾಕು ಗಂಟೆಗೆ ಬಿಟ್ರೆ
ಬಲೆ ಎತ್ತಿ, ಕಾಟ್ಲ ಇದ್ರೆ ಕಾಟ್ಲ, ಜಿಲೇಬಿ ಇದ್ರೆ ಜಿಲೇಬಿ,
ಏಳಕ್ಕೆ ದಡ.
ಬಿಡೋದ್ರಲ್ಲಿ ಎರಡೈತೆ ಮಿಸ್. ನೀರಿಗೆ ಬಿಡೋದು ಒಂದು,
ಇನ್ನೊಂದು…"
ಬೆಲ್ಲು ಹೊಡೆಯಿತು. ತಟ್ಟೆಗಳು ಎದ್ದವು.

ಪದ ಬಳಸಿ ವಾಕ್ಯ ಮಾಡಿ, ಒಂದೇ ಸಾಕು ಎಂದಿದ್ದೆ.
ಮೂವತ್ತೊಂದು ನೋಟ್‌ಬುಕ್ಕು. ಹಾಸನದ ಬಸ್ಸಿನಲ್ಲೇ ತಿದ್ದುವುದು ನನ್ನ ರೂಢಿ;
ಗೆಸ್ಟ್ ಟೀಚರಿಗೆ ಸಂಜೆಯೂ ಬಾಡಿಗೆಯದು.
ಮೂವತ್ತರಲ್ಲಿ ಗೈಡಿನದೇ ವಾಕ್ಯ: ಹಡಗು ಬಂದರಿನಿಂದ ಹೊರಟಿತು.
ಯಾರೂ ಕಾಣದ ಬಂದರಿನಿಂದ
ಯಾರೂ ಕಾಣದ ಮೂವತ್ತು ಹಡಗು.
ಒಂದರಲ್ಲಿ ಮಾತ್ರ, ಪೆನ್ಸಿಲಿನಲ್ಲಿ, ಉಜ್ಜಿ ಉಜ್ಜಿ ಬರೆದದ್ದು:
ಅವರ್ ಬೋಟ್ ಈಸ್ ಸೇಲ್.
ಎಸ್, ಎ, ಐ, ಎಲ್.

ಕೆಂಪು ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿಕೊಂಡೆ.
ಸ್ಪೆಲ್ಲಿಂಗು ತಪ್ಪು. ನಡುವೆ ಒಂದು ಫಾರ್ ಬೇಕು.
ಐ ಹೊಡೆದು, ಕೊನೆಗೊಂದು ಇ ಹಚ್ಚಿದರೆ
ವಾಕ್ಯ ಸರಿಹೋಗುತ್ತೆ, ಹರಿಗೋಲು ಹೋಗುತ್ತೆ.
ಹಾಗೇ ಬಿಟ್ಟರೆ ತಪ್ಪು ತಪ್ಪಾಗಿ
ಇನ್ನೊಂದು ರಾತ್ರಿ ನೀರ ಮೇಲಿರುತ್ತೆ.
ಡೈರಿ ಸರ್ಕಲ್ಲಿನಲ್ಲಿ ಯಾರೋ ಇಳಿದರು, ಯಾರೋ ಹತ್ತಿದರು.
ಪೆನ್ನು ಮುಚ್ಚಿದೆ.

ಬೆಳಗ್ಗೆ ಕೇಳಿದೆ, ಹಾಜರಿ ಕರೆದ ಮೇಲೆ, ಮೆಲ್ಲಗೆ.
"ಟೆಂಡರು ಬೇರೆಯೋರಿಗಾಯ್ತು ಮಿಸ್, ಅವರದು ಫೈಬರ್ ದೋಣಿ.
ಸಕಲೇಶಪುರದಿಂದ ರೆಸಾರ್ಟಿನೋರು ಬಂದಿದ್ರು.
ಟಾರು ಕೆರೆದು, ಬಿದಿರಿಗೆ ಪಾಲಿಶ್ ಹೊಡೆದು,
ಊಟದ ಮೇಜಿನ ಮ್ಯಾಲೆ ಮಗುಚಿ ನೇತಾಕಿ
ಒಳಗೆ ಬಲ್ಬು ಇಡ್ತಾರಂತೆ."

ಮಗುಚಿದರೆ ಅದಕ್ಕೆ ಬೇರೆ ಹೆಸರಾಯಿತು, ಗೊತ್ತಿತ್ತು ನನಗೆ,
ಅದು ಇಂಗ್ಲಿಷಿನಲ್ಲೇ ಇತ್ತು. ಹೇಳಲಿಲ್ಲ.

"ಹುಟ್ಟು ಬ್ಯಾಡ ಅಂದ್ರು. ಮನೇಲೇ ಐತೆ.
ಬಟ್ಟೆ ಒಣಗಾಕೋ ಹಗ್ಗ ಜಗ್ಗತಿತ್ತು,
ಅವ್ವ ಅದಕ್ಕೆ ಊರೆ ಕೊಟ್ಟವ್ಳೆ."

ಗಾಳಿ ಬಂದರೆ?

"ಉಬ್ತವೆ ಮಿಸ್, ಅಪ್ಪನ ಲುಂಗಿ, ನಂದು ಯೂನಿಫಾರಮ್ಮು.
ಎಲ್ಲೂ ಹೋಗಲ್ಲ."