ತಲಿ ಹಿಡಿದಾಂವ

ಇಳಕಲ್ಲ ಕ್ವಾರಿಯಾಗ ಖಾಜೇಸಾಬ ಬಿದ್ದಾಗ
ಮೊದಲ ಇಳಿದಾಂವ ನಾನ.
ಗರಡಿಮನಿ ಸಂಗ್ರಾಣಿಕಲ್ಲ ಎದಿಮಟ ಎತ್ತಿದ ತೋಳು;
ಹುಡುಗ ಒಂದು ಜ್ವಾಳದ ಚೀಲದಷ್ಟೂ ಇಲ್ಲ.

ಬಗ್ಗಿದೆ.
"ಮುಟ್ಟಬ್ಯಾಡ್ರೀ!"
ದಂಡಿ ಮ್ಯಾಲಿಂದ ಚೀರಿದಾಕಿ
ಒಂದ್ನೂರೆಂಟರ ನೀಲಗಂಗಾ,
ಬಳಿ ನಿಲ್ಲದಷ್ಟು ಸಣ್ಣ ಮುಂಗೈ,
ಬೂಟಿನ ತುಂಬ ಕೆಂಪು ಕಲ್ಲಪುಡಿ.

"ಯಾರ ಕೈ ಭಾಳ ಗಟ್ಟಿ?"
ಎಲ್ಲಾರೂ ನನ್ನ ನೋಡಿದ್ರು.
"ಹಂಗಾರ ನೀವು ಎತ್ತಬ್ಯಾಡ್ರಿ. ತಲಿ ಹಿಡೀರಿ.
ಅಲಗಾಡಬಾರದು. ಅಷ್ಟ."

ಮೊಣಕಾಲೂರಿ ಹಿಡಿದೆ.
ಕಿವಿ ಹಿಂದಿನ ಬೆವರು, ಬೆರಳಿಗೆ ಬಡಿಯೂ ನಾಡಿ.
"ಕಾಕಾ, ಕಾಲು ಅದಾವೇನು?"
ಅದಾವ, ಅಂದೆ.
ತಿರುಗಿ ನೋಡಿರಲಿಲ್ಲ.

ಉಳಿದವರು ಹೈಸಾ ಅನ್ನಾಕ ಬಾಯಿ ತೆಗೆದ್ರು.
"ಕೂಗಬ್ಯಾಡ್ರಿ, ಎಣಿಕಿ ನಂದು."
ಒಂದು.
ಎರಡು.
ಮೂರಕ್ಕ
ದಿಮ್ಮಿಯಂಗ, ತಲಿಯಿಂದ ಹಿಮ್ಮಡದ ತನಕ
ಒಂದ ಆಗಿ ಹೊರಳಿದಾ,
ಬೆನ್ನ ಬುಡಕ ಹಲಗಿ ಸರೀತು.

ಪಟ್ಟಿ ಬಿಗಿದು ಆಕಿ ಅಂದಳು:
"ಬಿಡ್ರಿ ಇನ್ನ."
ಎರಡು ಸಲ ಅಂದಳಂತ.

ಮರುದಿನ ಗರಡಿಯಾಗ
ಕಲ್ಲಿಗೆ ಕೈ ಹಚ್ಚಿದೆ.
ಹುಡುಗರು ಎಣಿಸಾಕ ನಿಂತ್ರು.
ಎತ್ತಲಿಲ್ಲ.
ಅದರ ಎರಡೂ ಬಗಲ ಅಂಗೈ ಇಟ್ಟು
ಅಲಗಾಡದಂಗ
ಹೊತ್ತು ಏರೂತನಕ ಹಿಡಕೊಂಡು ಕುಂತೆ.