ಬಾಕಿ ಒಂದು ಬುಧವಾರ

ಭಾನುವಾರದ ಸಂತೆಯಲ್ಲಿ ಕೊಂಡ ಗ್ಲೋಬು
ನಡುವಿನ ಕಡ್ಡಿ ಕಳಕೊಂಡಿತ್ತು.
ನಸೀಮಾ ಸ್ವೆಟರ್ ಹೆಣೆಯುವ ಸೂಜಿ ತೂರಿಸಿದಳು,
ಭೂಮಿ ನೆಟ್ಟಗೆ ನಿಂತಿತು.
ಬೆಂಗಳೂರು ಹುಡುಕಿದೆವು. ಇಲ್ಲ.
ಮದರಾಸಿತ್ತು, ಒಡೆದುಹೋದ ರಷ್ಯ ಇನ್ನೂ ಇಡಿಯಾಗಿತ್ತು,
ನಮ್ಮೂರಿನ ಜಾಗದಲ್ಲಿ ಮಾಸಿದ ಹಳದಿ ಅಷ್ಟೇ.
ಹಣೆಯ ಸ್ಟಿಕರು ಕಿತ್ತು ಅಲ್ಲಿ ಅಂಟಿಸಿದೆ:
ಇದು ಮೆಜೆಸ್ಟಿಕ್ಕು, ಇದು ಶಾಂತಿನಗರ ಡಿಪೊ,
ಇದು ವಿಲ್ಸನ್ ಗಾರ್ಡನ್ನಿನ ನಿನ್ನ ಮನೆ ಮೆಟ್ಟಿಲು,
ಟೀ ಆರುತ್ತಿದೆ, ಕುಡಿ.

ಮೂವತ್ತೊಂದು ವರ್ಷ
ಹೋಲ್ಡಾನ್, ರೈಟ್ ರೈಟ್ ಅಂದ ಬಾಯಿ ಇದು.
ಎಲ್ಲಿಗೆ, ಎಲ್ಲಿಗೆ ಅಂತ ಲೋಕವನ್ನೆಲ್ಲ ಕೇಳಿದೆ.
ಈಗ ಯಾರಾದರೂ ತಿರುಗಿ ನನ್ನನ್ನೇ ಕೇಳಿದರೆ
ಉತ್ತರಕ್ಕೆ ಬದಲು ಕೈ
ಇಲ್ಲದ ಚರ್ಮದ ಚೀಲದಲ್ಲಿ ಚಿಲ್ಲರೆ ತಡಕುತ್ತದೆ.

ಇನ್‌ಫೆಂಟ್ರಿ ರಸ್ತೆಯ ಏಸಿ ಕೋಣೆಯಲ್ಲಿ
ಪ್ರೀತಂ ಅನ್ನುವ ಹುಡುಗ ಕಾನೂನು ಹೇಳಿದ:
'ಒಂದೇ ದಿಕ್ಕು ಆಂಟಿ. ಪೂರ್ವ ಅಂದರೆ ಪೂರ್ವ.
ಎರಡು ಸಾಗರ ದಾಟಲೇಬೇಕು.
ಬಂದ ದಾರಿಗೆ ತಿರುಗುವಂತಿಲ್ಲ.'
ನಸೀಮಾ ಸೆರಗು ಬಾಯಿಗಿಟ್ಟು ನಕ್ಕಳು, ನಾನು ಇಡದೆ ನಕ್ಕೆ.
ಮಗಾ, ಮೆಜೆಸ್ಟಿಕ್ಕಿನಿಂದ ಬನಶಂಕರಿ,
ಬನಶಂಕರಿಯಿಂದ ಮೆಜೆಸ್ಟಿಕ್ಕು, ದಿನಕ್ಕೆ ಎಂಟು ಟ್ರಿಪ್ಪು,
ನಮ್ಮ ಸರ್ವೀಸೆಲ್ಲ ಬಂದ ದಾರಿಗೆ ತಿರುಗಿದ್ದೇ.
ಬೋರ್ಡು ಕೂಡ ಬದಲಾಗುತ್ತಿರಲಿಲ್ಲ,
ಎರಡು ಹೆಸರಿನ ನಡುವೆ ಒಂದು ಗೀಟು.

ಸಲಹೆಗೇನು ಬರ.
ಸಿಂಗಪುರ ಸಾಕು, ನೆಲ ತೊಳೆದಿರುತ್ತಾರೆ ಅಂದರು ಓನರಮ್ಮ.
ನಸೀಮಾ ಸೊಸೆ ಹಿಮವಿರುವ ಊರುಗಳ ಪಟ್ಟಿ ಕೊಟ್ಟಳು.
ನಯಾಗರಾ ನೋಡದಿದ್ದರೆ ದುಡ್ಡು ದಂಡ ಅಂದ
ಜೋಗವನ್ನೂ ನೋಡದ ಟೈಮ್‌ಕೀಪರ್ ಚೆನ್ನಿಗರಾಯ.
ಎಲ್ಲ ಕೇಳಿಸಿಕೊಂಡೆ. ಗೊತ್ತಿದ್ದದ್ದೇ,
ತಂತಮ್ಮ ಬಾಗಿಲ ಮುಂದೆ ಬಸ್ಸು ನಿಲ್ಲಲಿ ಅನ್ನುವವರೇ ಎಲ್ಲ.

'ನಿನಗೇನು ಬೇಕು ಹೇಳು ರತ್ನಮಾಲಾ' ಅಂದಳು ಅವಳು.
ಹೇಳಲು ನಾಚಿಕೆಯಾಯಿತು.
ಗೊತ್ತಿಲ್ಲದ ದೇಶದಲ್ಲಿ, ಗೊತ್ತಿಲ್ಲದ ಬಸ್ಸಿನಲ್ಲಿ,
ಕಿಟಕಿಗೆ ತಲೆಯೊರಗಿಸಿ ಬಾಯಿ ಬಿಟ್ಟು ನಿದ್ದೆ ಹೋಗಬೇಕು.
ಯಾರೋ ಭುಜ ಅಲ್ಲಾಡಿಸಿ
ಅವರ ಭಾಷೆಯಲ್ಲಿ 'ಅಮ್ಮಾ, ಲಾಸ್ಟ್ ಸ್ಟಾಪು' ಅನ್ನಬೇಕು.
ನಾನು ಎಬ್ಬಿಸಿದವರ ಲೆಕ್ಕ ದೇವರ ಹತ್ತಿರವೂ ಇಲ್ಲ.

ಅವಳು ಏನೂ ಅನ್ನಲಿಲ್ಲ. ಇನ್ನೊಂದು ಸೂಜಿ ತಂದಳು,
ನನ್ನ ಸ್ಟಿಕರಿಗೆ ಚುಚ್ಚಿ ನೇರ ಒತ್ತಿದಳು,
ಭೂಮಿಯ ಹೊಟ್ಟೆ ದಾಟಿ ಆಚೆ ಬದಿಗೆ ಮೊನೆ ಬಂತು:
ನೀಲಿ. ಬರೀ ನೀರು.
ಪೆರು ದೇಶದ ಈಚೆ, ಒಂದು ದ್ವೀಪವೂ ಇಲ್ಲ.
ಬೆಂಗಳೂರಿನಿಂದ ಇದಕ್ಕಿಂತ ದೂರ ಹೋಗಲು ಆಗುವುದಿಲ್ಲ.
ಅಲ್ಲಿಂದ ಒಂದು ಗೇಣು ಮುಂದೆ ಇಟ್ಟರೂ
ಅದು ಮನೆಗೆ ಬರುವ ದಾರಿ.
ತುಂಬ ಹೊತ್ತು ಇಬ್ಬರೂ ಆ ತೂತನ್ನೇ ನೋಡಿದೆವು.

ಆದರೂ ಪೂರ್ವವೋ ಪಶ್ಚಿಮವೋ?
ಮಾರನೆಯ ದಿನ ಪ್ರೀತಂ ಪರದೆ ತಿರುಗಿಸಿ ತೋರಿಸಿದ.
ಪಶ್ಚಿಮಕ್ಕೆ ಹೊರಟರೆ ಸಾಗರದ ನಡುವೆ ಒಂದು ದಿನ ಮಾಯ.
ಪೂರ್ವಕ್ಕಾದರೆ ಒಂದು ದಿನ ಎರಡು ಸಲ.
'ಯಾವ ದಿನ?' ಅಂದೆವು ಒಟ್ಟಿಗೇ.
'ನೀವು ಯಾವತ್ತು ದಾಟುತ್ತೀರೋ ಆವತ್ತು.'

ಬುಧವಾರ ನಮ್ಮ ವೀಕ್ಲಿ ಆಫ್.
ತಲೆಗೆ ಎಣ್ಣೆ ಹಚ್ಚಿ ಕೂತಾಗ ಫೋನು ಬರುತ್ತಿತ್ತು,
ಜನ ಇಲ್ಲಮ್ಮಾ, ಇವತ್ತೊಂದಿನ ಬಂದುಬಿಡಿ.
ಕರಗದ ವಾರ. ನಸೀಮಾಳ ನಾದಿನಿ ಮದುವೆಯ ವಾರ.
ಎಣ್ಣೆತಲೆಯಲ್ಲೇ ಜಡೆ ಬಿಗಿದು ಓಡಿದ್ದು.
ಆಮೇಲೆ ಕೊಡುತ್ತೇವೆ ಅಂದರು. ಆಮೇಲೆ ಬರಲಿಲ್ಲ.

ಅಂದಾಜಿನ ಚೀಟಿ ಕೊಡಪ್ಪಾ ಅಂದೆ.
ಹಿಂದೆ ತಿರುಗಿಸಿ, ಕಿವಿಯ ಮೇಲಿನ ಪೆನ್ನು ತೆಗೆದು
ಹಳೇ ಚಾಳಿಯಲ್ಲಿ ಗೀಚಿದೆ: ಬಾಕಿ, ಬುಧವಾರ, 1.
ಸುತ್ತ ಒಂದು ಸೊನ್ನೆ ಎಳೆದೆ.
ಇಳಿಯುವಾಗ ಇಸ್ಕೊಳ್ಳಿ ಅಂತ ಎಷ್ಟು ಸಲ ಅಂದಿಲ್ಲ,
ಎಷ್ಟು ಜನ ಮರೆತು ಇಳಿದು ಹೋಗಲಿಲ್ಲ.

'ಪೂರ್ವ' ಅಂದಳು ನಸೀಮಾ.
'ಊರುಗಳು ಯಾವುವು ಆಂಟಿ?'
ಬರಲಿ ಬಿಡು ಆಮೇಲೆ.
ಅವಕ್ಕೇನು, ದಾರಿಯಲ್ಲೇ ಇರುತ್ತವೆ.