ಹಣೆಯ ಮೇಲೆ ಹೊತ್ತು

ಗಡಿಯಲ್ಲಿ ಏನೇನು ನೋಡಿದಿರಿ ಅಂತ ಕೇಳುತ್ತಾರೆ.
ಕಾಲು, ಅನ್ನುತ್ತೇನೆ. ನಗುತ್ತಾರೆ.
ನಿಜ. ಒಂದೊಂದು ಸಂಜೆ ಮೂವತ್ತು ಜೊತೆ.
ನೆನೆದು ಬೆಳ್ಳಗಾದ ಬೆರಳು, ಬೂಟು ಕಚ್ಚಿದ ಹಿಮ್ಮಡಿ,
ಹಿಮ ತಿಂದು ನೇರಳೆಹಣ್ಣಾದ ಹೆಬ್ಬೆಟ್ಟು.
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು
ಸಂದಿ ಸಂದಿ ಬಿಡಿಸಿ ನೋಡುವುದು,
ಪೌಡರು ಹಾಕುವುದು, ಬೈಯುವುದು.
ಆಮೇಲೆ ಭೇದಿ, ಜ್ವರ, ಹಲ್ಲುನೋವು,
ಮನೆಯಿಂದ ಕಾಗದ ಬರದವನ ಎದೆನೋವು.
ಅದಕ್ಕೂ ಒಂದು ಮಾತ್ರೆ ಇಟ್ಟಿದ್ದೆ,
ಬಿಳಿಯದು, ಬರೀ ಗ್ಲೂಕೋಸು.

ಈಗಲೂ ಕಾಲೇ.
ನೀಲಸಂದ್ರದಿಂದ ಆಸ್ಟಿನ್ ಟೌನಿಗೆ ಹಳೇ ಟಿವಿಎಸ್ಸು,
ಸೀಟಿನಡಿ ಸಲೈನು, ಕತ್ತರಿ, ಬ್ಯಾಂಡೇಜು.
ರೋಸಲಿನ್ ಟೀಚರು ನೀಲಿ ಟಬ್ಬಿನಲ್ಲಿ ಪಾದ ಇಟ್ಟುಕೊಂಡು
‘ಬೇಗ ಮುಗಿಸಪ್ಪಾ, ಎಂಟಕ್ಕೆ ಸೀರಿಯಲ್ಲು’ ಅನ್ನುತ್ತಾರೆ.
ಅವರ ಹುಣ್ಣಿಗೆ ನೋವಿಲ್ಲ.
ನೋವಿಲ್ಲದ ಗಾಯವೇ ಕೆಟ್ಟದ್ದು, ಹೇಳಿದರೆ ಕೇಳುವುದಿಲ್ಲ.

ಒಂದು ಹಣೆಯೂ ಇತ್ತು.
ಸಿಪಾಯಿ ಜಗರೂಪನದು.
ತೊಡೆಯ ರಕ್ತ ಎದೆ ಬಡಿದಷ್ಟು ಸಲ ಚಿಮ್ಮುತ್ತಿತ್ತು.
ಪಟ್ಟಿ ಕಟ್ಟಿ ಕಡ್ಡಿ ತಿರುವಿದೆ. ನನ್ನ ಹೆತ್ತವಳನ್ನು ಬೈದ.
ಬೈಯುವವನಿಗೆ ಇನ್ನೂ ಉಸಿರಿದೆ, ಇನ್ನೊಂದು ಸುತ್ತು ತಿರುವು,
ಅಂತ ಕಲಿಸಿದ್ದರು.
ಕಟ್ಟಿದ ಹೊತ್ತನ್ನು ಹಣೆಯ ಮೇಲೆ ಬರೆ, ಅಂತಲೂ.
ಚೀಟಿ ಗಾಳಿಗೆ ಹಾರುತ್ತೆ, ಕೈ ಕಂಬಳಿಯೊಳಗೆ ಹೋಗುತ್ತೆ,
ಹಣೆ ಎಲ್ಲಿಗೂ ಹೋಗುವುದಿಲ್ಲ.

ಹುಟ್ಟಿದ ಆರನೇ ರಾತ್ರಿ
ವಿಧಿಯಮ್ಮ ಬಂದು ಬರೆದು ಹೋಗುತ್ತಾಳೆ,
ದೀಪ ಆರಿಸಬೇಡಿ, ಅವಳಿಗೂ ಕಣ್ಣು ಕಾಣಬೇಕಲ್ಲ,
ಅನ್ನುತ್ತಿದ್ದಳು ನಮ್ಮಜ್ಜಿ.
ನನಗೆ ಟಾರ್ಚಿತ್ತು. ಆದರೂ ಅಂಕಿ ಸೊಟ್ಟಗೆ ಬಂತು:
ನಾಲ್ಕು ಹದಿನೈದು.
ಆಮೇಲೆ ಬೆನ್ನಿಗೆ ಹಾಕಿಕೊಂಡು ಇಳಿದೆ.
ಎಷ್ಟು ಹೊತ್ತು ಹೊತ್ತೆನೋ, ಭುಜಕ್ಕೆ ಗೊತ್ತು.
ಹೆಲಿಕಾಪ್ಟರು ಅವನನ್ನು ಎತ್ತಿಕೊಂಡು ಹೋಯಿತು.
ಕಾಗದ ಬರಲಿಲ್ಲ.
ಗ್ಲೂಕೋಸು ಮಾತ್ರೆ ನಾನೇ ಎರಡು ನುಂಗಿದೆ.

ಹೋದ ತಿಂಗಳು ಈಜಿಪುರ ಸಿಗ್ನಲ್ಲು.
ಫ್ಲೈಓವರಿನ ಕಂಬದ ಬುಡದಲ್ಲಿ
ನೀರಿನ ಟ್ಯಾಂಕರು ಉಜ್ಜಿ ಕೆಡವಿದ ಹುಡುಗ,
ಪಕ್ಕದಲ್ಲಿ ಕೆಂಪು ಚೀಲ, ಯಾರದೋ ಬಿರಿಯಾನಿ ಇನ್ನೂ ಬಿಸಿ.
ನೀರು ಕೊಡಿ, ನೀರು ಕೊಡಿ ಅಂತ ಕೂಗುತ್ತಿದ್ದರು.
ಕೊಡಬೇಡಿ, ಅಂದೆ. ಇಪ್ಪತ್ತು ವರ್ಷದ ಹಿಂದಿನ ಗಂಟಲು
ಎಲ್ಲಿತ್ತೋ, ಎದ್ದು ಬಂತು.
ಆಟೋದವನ ಟವಲು, ನನ್ನ ಡಿಕ್ಕಿಯ ಸ್ಪ್ಯಾನರು.
ಬೈಯೋ, ಅಂದೆ. ‘ಅಣ್ಣಾ’ ಅಂದ, ಬೈಯಲಿಲ್ಲ.
ಅದೇ ಹೆದರಿಕೆಯಾಯಿತು.

ಸುತ್ತ ಮೂವತ್ತು ಫೋನು, ಒಂದು ಪೆನ್ನಿಲ್ಲ.
ಕೊನೆಗೊಬ್ಬ ಹುಡುಗಿ ಬ್ಯಾಗು ಕೆದಕಿ
ಕಾಡಿಗೆ ಕಡ್ಡಿ ಕೊಟ್ಟಳು.
ಬರೆದೆ: ಏಳು ನಲವತ್ತು.
‘ದೃಷ್ಟಿಬೊಟ್ಟು ಇಡ್ತಾವ್ನಾ?’ ಹೂವಿನವಳು ಕೇಳಿದಳು.
ಹೂಂ, ಅಂದೆ. ಸುಳ್ಳೇನಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕವಳು,
ಎರಡು ದಿನ ನಿದ್ದೆಯಿಲ್ಲದ ಮುಖ.
ಅವನ ಕಾಲು ನೋಡುವ ಮೊದಲು ಹಣೆ ಓದಿದಳು,
ಗಡಿಯಾರ ನೋಡಿದಳು, ಸ್ಟ್ರೆಚರು ಒಳಗೆ ತಳ್ಳಿದಳು.
ಬಾಗಿಲು ಎರಡು ಸಲ ಆಡಿ ನಿಂತಿತು.

ಆಸ್ಟಿನ್ ಟೌನಿಗೆ ಹೋದಾಗ ಒಂಬತ್ತೂವರೆ.
ಸೀರಿಯಲ್ಲು ಮುಗಿದಿತ್ತು. ಟಬ್ಬಿನ ನೀರು ತಣ್ಣಗೆ.
ನನ್ನ ಅಂಗಿ ನೋಡಿ ಟೀಚರು ಏನೂ ಕೇಳಲಿಲ್ಲ.
ಕೈ ತೊಳೆದು ಬಂದು ಕೂತು,
ಕಾಲು ಕೊಡಿ, ಅಂದೆ.